ನಮ್ಮ ಜಡ, ಕಾಗೆಯ ಸಂಡಿಗೆ

ಸೋಮಾರಿತನ, ಆಲಸ್ಯ, ಜಡ ಮೂರೂ ಒಂದೇ ಎಂದು ನೀವು ತಿಳಿದಿದ್ದೀರಿ, ಮಕ್ಕಳೇ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು, ಆದರೂ ಈ ವಿಷಯದಲ್ಲಿ ನನ್ನ ಮಾತು ನಂಬಬಹುದು. ಸೋಮಾರಿಗೆ ಕೆಲಸ ಬೇಡ, ಊಟ ಬೇಕು. ಆಲಸ್ಯದವನು ನಾಳೆ ಮಾಡುತ್ತೇನೆ ಎನ್ನುತ್ತಾನೆ; ಹಾಗೆನ್ನುವಷ್ಟಾದರೂ ಅವನಿಗೆ ಉತ್ಸಾಹವಿರುತ್ತದೆ. ಜಡ ಹಿಡಿದವನಿಗೆ ಮನೆಗೆ ಬೆಂಕಿ ಬಿದ್ದರೂ ಇವತ್ತು ಚಳಿ ಕಡಿಮೆ ಎನ್ನಿಸುತ್ತದೆ. ಈ ಮಾತಿನ ಬಳಕೆಯನ್ನು ನನಗೆ ಕಲಿಸಿದವರು ಜಯನಗರದಲ್ಲಿದ್ದ ನನ್ನ ಸೋದರಮಾವನ ಹೆಂಡತಿ, ಅಂದರೆ ನನ್ನ ಅತ್ತೆ. ಮಾವ ಆಫೀಸಿನಿಂದ ಬಂದು ಆರಾಮಕುರ್ಚಿಯಲ್ಲಿ ಬಿದ್ದುಕೊಂಡು ಕರೆದರೂ ಓಗೊಡದಿದ್ದರೆ ಅದು ದಣಿವು. ಹಿತ್ತಲ ಹಸು ಏಳದಿದ್ದರೆ, ಪಾಪ, ಗಬ್ಬ. ನಾನು ಒಂದು ಗಳಿಗೆ ಗೋಡೆಗೆ ಒರಗಿದರೆ ಮಾತ್ರ ಜಡ.

ನನಗಿದ್ದದ್ದು ನಾಚಿಕೆ. ಆದರೆ ಹೊರಗಿನಿಂದ ನೋಡುವವರಿಗೆ ನಾಚಿಕೆಗೂ ಜಡಕ್ಕೂ ಒಂದೇ ಮುಖ. ಊರಿನಲ್ಲಿ ನನ್ನನ್ನು ನೋಡಲು ಬಂದವರು ಕೇಳಿದ ಪ್ರಶ್ನೆಗೆ ಉತ್ತರ ಬಾರದೆ, ಹುಡುಗಿ ಮೂಗಿಯೇನೋ ಎಂದುಕೊಂಡು ಹೋಗಿಬಿಟ್ಟರು. ನನ್ನ ಹಿಂದೆ ತಂಗಿ ಬೇರೆ ಮದುವೆಗೆ ನಿಂತಿದ್ದಳು. ಅದಕ್ಕೇ ಅಪ್ಪ, ಅಲ್ಲಾದರೂ ಒಂದು ಗಂಡು ಸಿಗಲೆಂದು ನನ್ನನ್ನು ಮಾವನ ಮನೆಗೆ ಕಳಿಸಿದರು. "ಇದೊಂದ್ಸಲ ಬಾಯಿ ಬಿಡೇ ತಾಯಿ" ಎಂದು ಬಸ್ಸಿನ ಕಿಟಕಿಯ ಹತ್ತಿರ ನಿಂತು ಬೇಡಿಕೊಂಡರು. ಆಗಲೂ ನಾನು ತಲೆ ಮಾತ್ರ ಆಡಿಸಿದೆ.

ಆಗ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು, ಜನಕ್ಕಿಂತ ಕಾಗೆಗಳೇ ಹೆಚ್ಚು. ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಅಂಗಳದಲ್ಲಿ ಬಿಳಿ ಪಂಚೆಯ ಮೇಲೆ ಅತ್ತೆಯ ಅರಳು ಸಂಡಿಗೆ ಒಣಗುತ್ತಿತ್ತು, ತೆಗೆಯಲು ಪುರಸೊತ್ತಾಗಲಿಲ್ಲ. ಅತ್ತೆ ಕೇಸರಿಬಾತು ಕಲಕಲು ಒಳಗೆ ಓಡಿದರು. ಹುಡುಗನ ತಾಯಿಯನ್ನು ಮಾವ ನಡುಮನೆಯಲ್ಲಿ ಕೂರಿಸಿಕೊಂಡರು. ಹುಡುಗ ಮಾತ್ರ ಜಗಲಿಯ ಬೆಂಚಿನ ಮೇಲೇ ಉಳಿದ. ನಾನು ಕಿಟಕಿಯ ಹಿಂದೆ. ಆಗ ಒಂದು ಕಾಗೆ ಇಳಿಯಿತು.

ಕಾಗೆ ಹುಡುಗನನ್ನು ನೋಡಿತು, ಹುಡುಗ ಕಾಗೆಯನ್ನು ನೋಡಿದ. ಅದು ಒಂದು ಸಂಡಿಗೆ ಕಚ್ಚಿಕೊಂಡು ಹೋಗಿ ನೆಂಟರಿಷ್ಟರನ್ನೆಲ್ಲ ಕರೆತಂದಿತು. ಹುಡುಗ ಕೈ ಎತ್ತಲಿಲ್ಲ. ಅಯ್ಯೋ, ಎಂಥ ಜಡ ಎಂದುಕೊಂಡೆ. ಕರೆಯದೆ ಹೆಣ್ಣು ಹೊರಗೆ ಹೋಗುವಂತಿಲ್ಲವಲ್ಲ, ನಾನೂ ಕಂಬಿ ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ಅತ್ತೆ ಬಂದರು. "ಅಯ್ಯಯ್ಯೋ, ನನ್ನ ಸಂಡಿಗೆ! ಕಾಗೆ ತಿಂತಿದ್ರೆ ನೋಡ್ಕೊಂಡು ನಿಂತಿದ್ಯಲ್ಲೇ! ಏನೇ ನಿನ್ನ ಜಡ!" ಎಂದು ಕೂಗಿ, ಬೀಗರಾಗಬೇಕಾದವರ ಮುಖ ಕಂಡು ಬಾಯಿಗೆ ಸೆರಗು ಹಿಡಿದರು. ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಹುಡುಗ ಎದ್ದು ನಿಂತ. "ಅವರನ್ನ ಬೈಬೇಡಿ. ನಾನೂ ನೋಡ್ತಾನೇ ಕೂತಿದ್ದೆ."

"ಓಡಿಸಬಾರದಾಗಿತ್ತೇನೋ?" ಎಂದರು ಅವನ ತಾಯಿ.

"ಹೆಣ್ಣು ನೋಡಕ್ಕೆ ಬಂದ ಮನೇಲಿ ಉಶ್ ಉಶ್ ಅಂತ ಹೇಗೆ ಕೂಗೋದಮ್ಮ?"

"ನಮ್ಮನೇಲೂ ಇವನು ಉಶ್ ಅಂದೋನಲ್ಲ, ಬಿಡಿ" ಎಂದು ಆಕೆ ಅತ್ತೆಯ ಕಡೆ ತಿರುಗಿದರು. "ಇನ್ನು ಕೇಳೋದೇನಿದೆ? ಇಂಥ ಜೋಡಿ ಹುಡುಕಿದ್ರೂ ಸಿಗಲ್ಲ. ಮುಹೂರ್ತ ನೋಡ್ಸಿ."

ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೀಗೆ ನಿಮ್ಮ ತಾತ ನನಗೆ ಸಿಕ್ಕಿದರು. ನಮ್ಮ ಸಂಸಾರದಲ್ಲಿ ಜಡವಿಲ್ಲದೆ ದುಡಿದು ತಿಂದವು ಕಾಗೆಗಳು ಮಾತ್ರ.

ತಾತನ ಹತ್ತನೆಯ ದಿನದ ಕರ್ಮ ನಿಮಗೆ ನೆನಪಿರಲಾರದು. ಪಿಂಡವನ್ನು ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರೆ. ಅವತ್ತು ಪಿಂಡವಿಟ್ಟು ಕೈ ತೆಗೆಯುವ ಮೊದಲೇ ಕಾಗೆ ಹಾಜರಾಯಿತಂತೆ. ಪುಣ್ಯಾತ್ಮರು ಎಂದರಂತೆ ಪುರೋಹಿತರು. ಸಂಡಿಗೆಯ ಋಣ ಅವರಿಗೇನು ಗೊತ್ತು?

ಮೊನ್ನೆ ತಾರಸಿಯ ಮೇಲೆ ಕೋಲು ಹಿಡಿದು ಸಂಡಿಗೆ ಕಾಯುತ್ತಿದ್ದೆ. ಕಾಗೆ ಬಂತು, ತಿಂದಿತು, ಹೋಯಿತು. "ಓಡಿಸಬಾರದಾ ಅತ್ತೆ? ಏನು ಜಡ ನಿಮಗೆ!" ಎಂದಳು ನಿಮ್ಮ ಅಮ್ಮ. ನಾಳೆ ನನ್ನ ಪಿಂಡಕ್ಕೆ ಬರಬೇಕಾದವನಿಗೆ ಇವತ್ತು ಕೋಲು ತೋರಿಸುವುದು ಹೇಗಮ್ಮ ಎಂದು ವಿವರಿಸಬೇಕೆನ್ನಿಸಿತು. ಆದರೆ ಬಾಯಿ ತೆರೆಯಲು ಜಡವಾಯಿತು.