ಜುಟ್ಟು ನಿಲ್ಲಿಸಿದ ಹುಡುಗನೂ ನನ್ನ ಮೈಕ್ ಸೆಟ್ಟೂ

ಮೈಕಿನ ಮುಂದೆ ನಿಂತ ಮನುಷ್ಯ ಏನೂ ಎಡವಟ್ಟು ಮಾಡದೆ ಕೆಳಗಿಳಿದದ್ದನ್ನು ನಾನಂತೂ ಹೆಚ್ಚು ನೋಡಿಲ್ಲ. ಹುಣಸೂರಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡವನು ನಾನು. ಭಾಷಣ, ಹರಿಕಥೆ, ಮದುವೆ, ನಾಮಕರಣ, ಎಲ್ಲಿ ಹೋದರೂ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಮರೆತುಹೋಗಿದೆ. ತೊಂಬತ್ತರ ದಶಕದಲ್ಲಿ ಒಬ್ಬ ಹುಡುಗನ ಹಿಂದೆ ಸ್ಪೀಕರ್ ಹೊತ್ತು ತಿರುಗಿದ್ದು ಮಾತ್ರ ಮರೆತಿಲ್ಲ.

ಪಂಕ ಅಂದರೆ ಕೆಸರು

ಹುಡುಗ ನಮ್ಮ ತಾಲ್ಲೂಕಿನವನೇ. ಅಪ್ಪ ಹೊಗೆಸೊಪ್ಪು ಬೆಳೆಯುವ ಗೌಡರು. ಮಗನನ್ನು ಮೈಸೂರಿಗೆ ಓದಲು ಕಳಿಸಿದ್ದರು. ಅಲ್ಲಿ ಬೈಲಕುಪ್ಪೆಯ ಟಿಬೆಟನ್ ಹುಡುಗನೊಬ್ಬ ಗೆಳೆಯನಾಗಿ, ಅವನು ಕೊಟ್ಟ ಕ್ಯಾಸೆಟ್ಟು ಕೇಳಿ ಕೇಳಿ ಇವನ ತಲೆ ಕೆಟ್ಟಿತ್ತು. ಎರಡೂ ಪಕ್ಕ ಬೋಳಿಸಿ, ನಡುವಿನ ಕೂದಲಿಗೆ ಗಂಜಿ ಹಚ್ಚಿ ಹುಂಜದ ಜುಟ್ಟಿನ ಹಾಗೆ ನಿಲ್ಲಿಸಿಕೊಂಡು ಅಂಗಡಿಗೆ ಬಂದ.

"ಅಣ್ಣಾ, ಕಾಲೇಜ್ ಡೇಗೆ ಸೆಟ್ ಬೇಕು. ಪಂಕ್ ರಾಕ್ ಮಾಡ್ತೀವಿ."

"ಪಂಕ್ಚರ್ರಾ?" ಅಂದೆ.

ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದ ಕನ್ನಡ ಮೇಷ್ಟ್ರು ತಿದ್ದಿದರು. "ಪಂಕ ಅಂದ್ರೆ ಕೆಸರು ಕಣ್ರೀ. ಅದರಲ್ಲಿ ಹುಟ್ಟಿದ್ದು ಪಂಕಜ."

"ಕೆಸರು ಅಂತ್ಲೇ ಇಟ್ಕಳಿ ಸಾರ್" ಎಂದು ಹುಡುಗ ಉತ್ಸಾಹದಿಂದ ಶುರುಮಾಡಿದ. ಲಂಡನ್ ಕಡೆ ಹುಡುಗರಿಗೆ ಕೆಲಸ ಸಿಗಲಿಲ್ಲವಂತೆ. ದೊಡ್ಡ ದೊಡ್ಡ ಹಾಡುಗಾರರು ಗಂಟೆಗಟ್ಟಲೆ ಗಿಟಾರ್ ಬಾರಿಸಿ ಬೇಜಾರು ಹಿಡಿಸಿದ್ದರಂತೆ. ಈ ಕೆಲಸವಿಲ್ಲದ ಹುಡುಗರು ಹರಿದ ಬಟ್ಟೆಗೆ ಪಿನ್ನು ಚುಚ್ಚಿಕೊಂಡು, ಸರ್ಕಾರ, ರಾಣಿ ಯಾರನ್ನೂ ಬಿಡದೆ ಬೈಯುತ್ತ ಸ್ಟೇಜು ಹತ್ತಿದರಂತೆ. "ಸಂಗೀತ ಕಲ್ತಿರಬೇಕು ಅಂತೇನಿಲ್ಲ ಸಾರ್, ಸಿಟ್ಟಿದ್ರೆ ಸಾಕು. ಕಲೀದೆ ಬಾರಿಸೋದೇ ಅದರ ವಿಶೇಷ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಹಾಗಾದ್ರೆ ನಮ್ಮ ಕಡೆ ಕಾಲೇಜ್ ಡೇ ಮೊದಲಿಂದಲೂ ಪಂಕೇ ಬಿಡಪ್ಪ."

ಕೋಟೆ ಬಸ್ಸು

ಹೆಗ್ಗಡದೇವನಕೋಟೆಯಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಸೆಟ್ಟು, ಬ್ಯಾಂಡಿನ ಉಳಿದ ಹುಡುಗರು ಟೆಂಪೋದಲ್ಲಿ ಮುಂದೆ ಹೋಗಿದ್ದರು. ನಾನೂ ಇವನೂ ಬಸ್ಸು ಹತ್ತಿದೆವು. ಹುಡುಗ ಅಪ್ಪನ ಹಳೇ ಕೋಟು ಹಾಕಿಕೊಂಡಿದ್ದ. ಅದರ ತೋಳು, ಜೇಬು, ಕಾಲರ್ ಎಲ್ಲವನ್ನೂ ಬೇಕಂತಲೇ ಹರಿದು ಸೇಫ್ಟಿ ಪಿನ್ನಿನಲ್ಲಿ ಜೋಡಿಸಿದ್ದ. ಜನ ಹೆದರಬೇಕು ಅನ್ನುವುದು ಅವನ ಲೆಕ್ಕಾಚಾರ.

ಬಸ್ಸು ಊರು ಬಿಡುವ ಮೊದಲೇ ಪಕ್ಕದ ಸೀಟಿನ ಹೆಂಗಸಿನ ಚಪ್ಪಲಿ ಕಿತ್ತುಹೋಯಿತು. "ಮಗಾ, ಅದ್ರಲ್ಲೊಂದು ಪಿನ್ನು ಕೊಡ್ಲಾ" ಅಂದಳು. ಇಲ್ಲ ಅನ್ನಲಾಗದೆ ಕೊಟ್ಟ. ಅದನ್ನು ನೋಡಿದ ಇನ್ನೊಬ್ಬಳಿಗೆ ಮಗುವಿನ ಚಡ್ಡಿ ಜಾರುತ್ತಿರುವುದು ನೆನಪಾಯಿತು. ಹಿಂದಿನ ಸೀಟಿಗೆ ಸೆರಗಿಗೊಂದು ಬೇಕಾಯಿತು. ಕಂಡಕ್ಟರೂ ಬಿಡಲಿಲ್ಲ, ಬ್ಯಾಗಿನ ಪಟ್ಟಿಗೆ ಒಂದು ಕೇಳಿ ಪಡೆದ.

ಕೋಟೆ ಬಂದು ಇಳಿಯುವಾಗ ಒಂದು ತೋಳು ಅವನ ಕೈಯಲ್ಲಿತ್ತು, ಇನ್ನೊಂದು ಸೀಟಿನಲ್ಲೇ ಉಳಿದಿತ್ತು. ಚಪ್ಪಲಿಯ ಹೆಂಗಸು ಅದನ್ನು ಎತ್ತಿಕೊಟ್ಟು, ಮರುಕದಿಂದ ಹೇಳಿದಳು:

"ಪಿನ್ ಮಾರಕ್ಕೆ ಬಂದ್ಯಾ ಮಗಾ? ಇವತ್ತು ಕೋಟೇಲಿ ಸಂತೆ ಇಲ್ಲ ಕಣಪ್ಪಾ."

ಮನೆಯಲ್ಲಿ

ಇದೆಲ್ಲ ನಮಗೆ ನಗು. ಗೌಡರಿಗೆ ಅಲ್ಲ. "ಜುಟ್ಟು ಇಳ್ಸೋಗಂಟ ನನ್ನ ಪಕ್ಕ ಅವನಿಗೆ ಎಲೆ ಹಾಕ್‌ಬ್ಯಾಡ" ಎಂದು ಹೆಂಡತಿಗೆ ಹೇಳಿಬಿಟ್ಟಿದ್ದರು. ಮಗ ಮೈಸೂರಿಂದ ಮನೆಗೆ ಬಂದಾಗೆಲ್ಲ ಅಪ್ಪ ನಡುಮನೆಯಲ್ಲಿ, ಮಗ ಜಗಲಿಯಲ್ಲಿ ಊಟ. ಮಾತೆಲ್ಲ ತಾಯಿಯ ಮೂಲಕ. ಒಂದು ದಿನ ಗೌಡರು ನನ್ನ ಅಂಗಡಿಗೇ ಬಂದರು.

"ನೀವು ಮೈಕ್ ಕೊಡೋದ್ ನಿಲ್ಲಿಸ್ರಿ, ಅವನ ಕಿರುಚಾಟ ತಾನಾಗೇ ನಿಲ್ಲತದೆ."

"ಗೌಡ್ರೇ, ಮೈಕ್ ಇಲ್ದೇನೂ ಅವನು ಹಂಗೇ ಕಿರುಚ್ತಾನೆ."

ಗೌಡರು ಸ್ವಲ್ಪ ಯೋಚಿಸಿ ಅಂದರು: "ಅಂಗಾದ್ರೆ ಮೈಕ್ ಕೊಡಿ, ದೂರದೂರಿಗೆ ಕರ್ಕಂಡೋಗಿ."

ಬೇಡ

ದೂರದೂರು ಸಿಕ್ಕಿದ್ದು ಕೃಷ್ಣರಾಜನಗರದ ಕಡೆ, ಗದ್ದೆ ಬಯಲಿನ ಒಂದು ಹಳ್ಳಿ. ಗಣಪತಿ ಇಟ್ಟಿದ್ದರು. ಕರೆಸಿದ್ದ ಆರ್ಕೆಸ್ಟ್ರಾದವರು ಕೈಕೊಟ್ಟರು, ನಾನು ಇವರನ್ನು ಸ್ಟೇಜು ಹತ್ತಿಸಿದೆ. ಇನ್ನೂ ಬೆಳಕಿತ್ತು, ಜನವೂ ಚೆನ್ನಾಗಿ ಸೇರಿದ್ದರು.

ಹುಡುಗ ತಾನೇ ಕಟ್ಟಿದ ಹಾಡು ಶುರುಮಾಡಿದ. ಹಾಡಿನಲ್ಲಿ ಇದ್ದದ್ದು ಮುಖ್ಯವಾಗಿ ಒಂದೇ ಮಾತು: ಬೇಡ. ಕಣ್ಣು ಮುಚ್ಚಿ, ತಲೆ ಕೊಡವುತ್ತ, ಕುಪ್ಪಳಿಸುತ್ತ ಅದನ್ನೇ ಕಿರುಚುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ಕೈಮುಗಿದಳು.

"ಯಾವ ತಾಯವ್ವಾ ಮೈಮೇಲೆ ಬಂದಿರೋದು? ಕೋಳಿ ಕೊಡ್ಬೇಕಾ?"

"ಬೇಡ!"

"ಮರಿ ಕಡ್ಯಣ?"

"ಬೇಡ! ಬೇಡ!"

"ಸೀರೆ ಉಡುಸ್ತೀವಿ!"

"ಬೇಡ! ಬೇಡ! ಬೇಡ!"

ಜನ ಗಾಬರಿಯಾದರು. ಏನೂ ಬೇಡ ಅನ್ನುವ ದೇವರನ್ನು ಅವರು ಕಂಡಿರಲಿಲ್ಲ. ಯಾರೋ ತಮಟೆ ತಂದರು, ಯಾರೋ ಬೇವಿನ ಸೊಪ್ಪು ತಂದರು. ತಮಟೆಯ ಗತ್ತಿಗೆ ಹುಡುಗನ ಹುರುಪು ಇನ್ನೂ ಏರಿತು. ಕೊನೆಗೆ ಗಂಟಲು ಒಣಗಿ, ಮೈಕಿನಲ್ಲಿ "ನೀರು..." ಅಂದ.

"ಕೇಳ್ತು! ನೀರು ಕೇಳ್ತು!" ಎಂದು ಜನ ಬಿಂದಿಗೆ ಹಿಡಿದು ಓಡಿಬಂದರು. ನಾನು ಬಿದ್ದೆನೋ ಎದ್ದೆನೋ ಎಂದು ಓಡಿ ಮೇನ್ ಆಫ್ ಮಾಡಿದೆ. ತಲೆಯ ಮೇಲೆ ಪೂರ್ತಿ ಬಿಂದಿಗೆ ಸುರಿದರು. ಗಂಜಿ ಕರಗಿ ಜುಟ್ಟು ಮೆಲ್ಲಗೆ ಒಂದು ಕಡೆಗೆ ಮಲಗಿತು.

ಅಜ್ಜಿ ಕೆನ್ನೆ ಬಡಿದುಕೊಂಡು ಅಂದಳು: "ಇಳೀತು ಬುಡ್ರಪ್ಪಾ."

ಪಿರಿಯಾಪಟ್ಟಣದ ಸಂಬಂಧ

ಹೊಸ ಶತಮಾನ ಬರುವ ಹೊತ್ತಿಗೆ ಬ್ಯಾಂಡು ಚೆದುರಿತ್ತು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದ, ಜುಟ್ಟಿನ ಹಟವನ್ನು ಮಾತ್ರ ಬಿಟ್ಟಿರಲಿಲ್ಲ. ಪಿರಿಯಾಪಟ್ಟಣದ ಹತ್ತಿರ ಒಂದು ಹೆಣ್ಣಿದೆ ಎಂದು ಗೊತ್ತಾದಾಗ ತಾಯಿ ಕಣ್ಣೀರು ಹಾಕಿದರು, ಆಗ ಸೋತ. ಗೌಡರು ತಾವೇ ಕಟಿಂಗ್ ಶಾಪಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತು ಜುಟ್ಟು ತೆಗೆಸಿದರು. ಕೊಬ್ಬರಿ ಎಣ್ಣೆ, ಪಕ್ಕ ಬೈತಲೆ, ಬಿಳಿ ಶರ್ಟು. ಅಪ್ಪ ಮಗ ಮತ್ತೆ ಮಾತಾಡಿದ್ದು ಅವತ್ತೇ. ಹೆಣ್ಣು ನೋಡಲು ಹೊರಟ ವ್ಯಾನು ನನ್ನದಾದ್ದರಿಂದ ನಾನೂ ಹೋಗಿದ್ದೆ.

ಹೆಣ್ಣಿನ ತಮ್ಮ ಕಾಫಿ ತಂದ. ಕಾಲೇಜು ಹುಡುಗ, ಕೂದಲೆಲ್ಲ ಜೆಲ್ ಹಾಕಿ ಮುಳ್ಳಿನ ಹಾಗೆ ನಿಲ್ಲಿಸಿದ್ದ. ಮಂಡಿಯಲ್ಲಿ ಹರಿದ ಜೀನ್ಸು, ಎದೆಯ ಮೇಲೆ ದೊಡ್ಡದಾಗಿ 'ಪಂಕ್' ಎಂದು ಇಂಗ್ಲಿಷಿನಲ್ಲಿ ಬರೆದ ಟೀ ಶರ್ಟು. ನಮ್ಮ ಹುಡುಗ ಅದನ್ನೇ ನೋಡಿದ.

"ಹಂಗಂದ್ರೆ ಏನು ಗೊತ್ತಾ?"

"ಕಂಪನಿ ಹೆಸರು ಕಣಣ್ಣ. ಮೈಸೂರಲ್ಲಿ ತಗಂಡಿದ್ದು."

ಅಷ್ಟರಲ್ಲಿ ಒಳಗಿನಿಂದ ಹೆಣ್ಣಿನ ಸೋದರತ್ತೆ ಬಂದು ರಾಗ ಎಳೆದರು. "ತಪ್ಪು ತಿಳ್ಕೋಬೇಡಿ ಗೌಡ್ರೇ. ಹುಡುಗ ಸಂಭಾವಿತ. ಆದ್ರೆ ಎಣ್ಣೆ, ಬೈತಲೆ ಎಲ್ಲ ಸ್ವಲ್ಪ ಹಳೇ ಕಾಲದೋನ ಥರ ಅವ್ನೆ ಅಂತಾಳೆ ನಮ್ಮುಡ್ಗಿ."

ಗೌಡರ ಮುಖ ಕೆಂಪಾಯಿತು.

"ಯಾರು? ನನ್ನ ಮಗ ಹಳೇ ಕಾಲದೋನಾ? ನಿಮ್ಮ ಈ ಹೈದ ಮೂಗು ಒರಸ್ಕಳ್ತಿದ್ದಾಗ್ಲೇ ಇವನು ಮೊಳದುದ್ದ ಜುಟ್ಟು ನಿಲ್ಸಿದ್ದ ಕಣವ್ವಾ! ಹುಣಸೂರು, ಕೋಟೆ ಎಲ್ಲೆಲ್ಲೂ ಕೇಳಿ! ಒಂದ್ ಸಲ ಕಿರುಚಿದ್ರೆ ನಮ್ಮಟ್ಟೀಲಿ ಎಮ್ಮೆ ಹಗ್ಗ ಕಿತ್ಕತಿದ್ದೋ! ಇಂಥೋನು ಈ ಸೀಮೇಲೇ ಇರ್ನಿಲ್ಲ!"

ಬಾಗಿಲ ಸಂದಿಯಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ಸಂಬಂಧ ಕುದುರಿದ್ದು ಆ ನಗುವಿನಲ್ಲೇ. ಆದರೆ ಗೌಡರಿಗೆ ಅದು ತಿಳಿಯಲಿಲ್ಲ. ಮಗನ ಭುಜ ಹಿಡಿದು ಅಲ್ಲಾಡಿಸಿದರು.

"ಏಳ್ಲಾ, ಏಳು! ಒಂದೇ ಒಂದ್ ಸಲ ಕಿರುಚಿ ತೋರ್ಸ್ಲಾ!"

ಮಗ ಬೈತಲೆ ಸವರಿಕೊಂಡು, ತಲೆ ಬಗ್ಗಿಸಿ ಪಿಸುಗುಟ್ಟಿದ:

"ಸುಮ್ಕಿರಪ್ಪಾ, ಅಕ್ಕಪಕ್ಕದೋರು ಏನನ್ಕಂಡಾರು."