ಚೇಳಿಗೊಂದು ಫಿನ್ನಿಶ್ ಮಂತ್ರ

ಓದುಗ ಮಹಾಶಯರೇ, ಹರಿಯುವ ಕಾಲುವೆಯ ಎದುರು ನಿಂತು, ಹರಿಯುವುದಕ್ಕೆ ಫಿನ್‌ಲೆಂಡಿನ ಭಾಷೆಯಲ್ಲಿ ಏನೆನ್ನುತ್ತಾರೆಂದು ಅದಕ್ಕೇ ಪಾಠ ಹೇಳುವ ಬಂಧು ನಿಮಗೆ ಒಬ್ಬರಾದರೂ ಇದ್ದಾರೆಯೇ? ಇಲ್ಲವಲ್ಲ! ನನಗಿದ್ದರು. ನನ್ನ ತಾಯಿಯ ಅಣ್ಣ, ನನ್ನ ಸೋದರಮಾವ. ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಜರಡಿ ಹಿಡಿದರೂ ಅಂಥ ಎರಡನೆಯ ಮನುಷ್ಯ ಸಿಗುತ್ತಿರಲಿಲ್ಲವೆಂದು ನಾನು ಯಾವ ವೇದಿಕೆಯ ಮೇಲೂ ವಾದಿಸಬಲ್ಲೆ. ಎದುರು ಪಕ್ಷದವರು ಒಬ್ಬನನ್ನು ತಂದು ನಿಲ್ಲಿಸಲಿ, ನೋಡೋಣ!

ಮಾಮಾ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಗುಮಾಸ್ತರು. ಇಂಗ್ಲಿಷಿನಲ್ಲಿ ಬಂದ ಸೂಚನೆಗಳನ್ನು ರೈತರಿಗಾಗಿ ಕನ್ನಡಕ್ಕೆ ತಿರುಗಿಸುವುದು ಅವರ ಕೆಲಸ. ಕಾಲುವೆ ತೋಡುತ್ತಿದ್ದ ಕಾಲಕ್ಕೆ ಬಂಡೆ ಕೊರೆಯುವ ಯಂತ್ರದ ಜೊತೆಗೆ ಫಿನ್‌ಲೆಂಡಿನ ಮೆಕ್ಯಾನಿಕ್ ಒಬ್ಬ ಬಂದು, ಅವರ ಪಕ್ಕದ ಕ್ವಾರ್ಟರ್ಸಿನಲ್ಲಿ ನಮ್ಮ ಬೇಸಿಗೆಯಲ್ಲಿ ಬೆಂದುಹೋದ. ಅತ್ತೆ ತೀರಿಕೊಂಡು ಮಾಮಾ ಒಬ್ಬಂಟಿಯಾಗಿದ್ದ ದಿನಗಳವು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿಯುತ್ತ, ಪರಸ್ಪರರ ಭಾಷೆ ಕಲಿತರು. ಹೊರಡುವಾಗ ಆತ ಒಂದು ದಪ್ಪ ಇಂಗ್ಲಿಷ್-ಫಿನ್ನಿಶ್ ನಿಘಂಟು ಕೊಟ್ಟು, ‘ರನ್’ ಎಂಬ ಒಂದೇ ಇಂಗ್ಲಿಷ್ ಪದವನ್ನು ನಮ್ಮ ಫಿನ್ನಿಶ್ ಭಾಷೆಗೆ ಪೂರ್ತಿಯಾಗಿ ತಂದರೆ ನೀನೂ ನಮ್ಮವನೇ ಎಂದು ನಕ್ಕು ಹೋದ. ಆತ ನಕ್ಕದ್ದನ್ನು ಮಾಮಾ ಗಮನಿಸಲೇ ಇಲ್ಲ!

ಆ ಪದದ ಹೊಟ್ಟೆ ಎಷ್ಟು ದೊಡ್ಡದು ನೋಡಿ. ಇಂಗ್ಲಿಷಿನಲ್ಲಿ ಹುಡುಗ ಓಡಿದರೂ ಅದೇ, ನೀರು ಹರಿದರೂ ಅದೇ, ನೆಗಡಿಯ ಮೂಗು ಸುರಿದರೂ ಅದೇ, ಗಿರಣಿ ನಡೆದರೂ, ಸಂಸಾರ ನಡೆಸಿದರೂ ಅದೇ. ಫಿನ್ನಿಶರು ಅಷ್ಟು ಜಿಪುಣರಲ್ಲ. ಓಡುವವನಿಗೆ ‘ಯುಓಸ್ತಾ’, ನೀರಿಗೆ ‘ವಿರ‍್ರತಾ’, ಮೂಗಿಗೆ ‘ವುಓತಾ’! ನಿಘಂಟು ಹೇಳಿದ ಮಾತ್ರಕ್ಕೆ ಮಾಮಾ ಒಪ್ಪುತ್ತಿರಲಿಲ್ಲ. ವಸ್ತುವಿನ ಎದುರು ನಿಂತು, ಪದ ಅದಕ್ಕೆ ಒಗ್ಗುವ ತನಕ ಗಟ್ಟಿಯಾಗಿ ಅನ್ನಬೇಕು ಎಂಬುದು ಅವರ ಪದ್ಧತಿ.

ಕಾಲುವೆಯ ಗೇಟು ಕಾಯುವವನು ಒಮ್ಮೆ ಕೇಳಿಯೇಬಿಟ್ಟ: “ಸಾಹೇಬ್ರ, ನೀರಿನ ಕೂಡ ಏನ್ ಜಗಳ ತಗದೀರಿ?”

“ಜಗಳಲ್ಲಪಾ. ಅದು ಮಾಡೂ ಕೆಲಸಕ್ಕ ಏನಂತಾರಂತ ಹೇಳಾಕತ್ತೀನಿ.”

“ಅದಕ್ಕ ಗೊತ್ತಿಲ್ಲೇನ್ರಿ?”

“ಕನ್ನಡದಾಗ ಗೊತ್ತದ.”

ನೆಗಡಿಯಾದವರಂತೂ ಅವರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ನಡೆಯುತ್ತಿದ್ದರು. ಸಂಸಾರ ನಡೆಸುವ ಪದವೊಂದೇ ಅವರನ್ನು ಕಾಡಿತು. ಅದಕ್ಕೆ ಎದುರು ನಿಲ್ಲಲು ಅವರ ಮನೆಯಲ್ಲಿ ಏನಿತ್ತು? ಶಹಾಪುರದ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗೊಣಗತೊಡಗಿದರು. ನನ್ನ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಣ್ಣಾ, ಚಾ ಬೇಕಾದ್ರ ಕೇಳು. ಒಲಿ ಮುಂದ ಪೂಜಾರಿ ಹಂಗ ನಿಂದರಬ್ಯಾಡ!” ಎಂದಳು. ನಾವೆಲ್ಲ ನಕ್ಕೆವು. ಅವರೂ ನಕ್ಕರು, ನಮಗಿಂತ ಸ್ವಲ್ಪ ತಡವಾಗಿ.

ಕಲಿತದ್ದನ್ನು ಕೇಳುವವರು ಬೇಡವೇ? ಮಾಮಾ ಬಾಯಿ ತೆರೆದೊಡನೆ ಕಚೇರಿಯವರು ಊಟದ ಡಬ್ಬಿ ಎತ್ತಿಕೊಂಡು ಬೇರೊಂದು ಬೇವಿನ ನೆರಳು ಹುಡುಕುತ್ತಿದ್ದರು. ಮಾಮಾ ತಮ್ಮ ಅಂಗಳದಲ್ಲಿ ಕುಳಿತು ಮೆಕ್ಯಾನಿಕ್ ಬಿಟ್ಟುಹೋದ ಪಕ್ಕದ ಖಾಲಿ ಕ್ವಾರ್ಟರ್ಸಿಗೆ ಪಾಠ ಒಪ್ಪಿಸುತ್ತಿದ್ದರು.

ಆಗ ಬಂತು ಚೇಳು! ಕೊಂಕಲ್ ಎಂಬ ಊರಿನಿಂದ ಹತ್ತಿ ಬಿಡಿಸಲು ಬಂದಿದ್ದ ಒಬ್ಬನ ಕೈಗೆ ಅದು ಕುಟುಕಿತು. ಚೇಳು ಕಡಿದರೆ ಮಂತ್ರ ಹಾಕಿಸುವುದು ನಮ್ಮ ಕಡೆಯ ರೂಢಿ. ಅರ್ಥವಾಗದ ಭಾಷೆಯಲ್ಲಿ ದಿನವೂ ಜಪಿಸುವವರು ಇಲ್ಲೊಬ್ಬರಿದ್ದಾರೆಂದು ಅವನ ಹೆಂಡತಿ ಅವನನ್ನು ನೇರ ಮಾಮಾನ ಅಂಗಳಕ್ಕೆ ಎಳೆದು ತಂದಳು.

“ಇದು ಮಂತ್ರಲ್ಲವ್ವಾ, ದವಾಖಾನಿಗಿ ನಡೀರಿ,” ಎಂದು ಮಾಮಾ ಕ್ಯಾಂಪಿನ ಜೀಪಿಗೆ ಹೇಳಿಕಳಿಸಿದರು.

“ಜೀಪ್ ಬರೂತನಾ ಅನ್ರಿ ಯಪ್ಪಾ, ನಿಮ್ಮ ಕಾಲಿಗಿ ಬೀಳ್ತೀನಿ!”

ಅವರು ಅಂದರು. ಓಡುವುದು, ಹರಿಯುವುದು, ಸುರಿಯುವುದು, ಒಂದನ್ನೂ ಬಿಡಲಿಲ್ಲ. ಜೀಪು ಬಂತು, ದವಾಖಾನೆಯಲ್ಲಿ ವೈದ್ಯರು ಸೂಜಿ ಚುಚ್ಚಿದರು, ಉರಿ ಇಳಿಯಿತು. ಕೀರ್ತಿ ಯಾರಿಗೆ ಸಂದಿತು? ಫಿನ್ನಿಶಿಗೆ!

ಮಾಮಾನ ಅಂಗಳ ತುಂಬತೊಡಗಿತು. ಚೇಳು ಕಡಿದವರು, ಚೇಳನ್ನು ಕಂಡು ಬೆದರಿದವರು, ಸುಮ್ಮನೆ ಜೊತೆಗೆ ಬಂದವರು. ಮಾಮಾ ದೊಡ್ಡ ಚಹಾ ಪಾತ್ರೆ ಕೊಂಡರು, ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡು ಕುಳಿತರು. ಮೌಢ್ಯದ ವಿರುದ್ಧ ಊರೂರು ಭಾಷಣ ಮಾಡುತ್ತಿದ್ದ ನಾನು ಸುಮ್ಮನಿರಬಹುದೇ? ಪೂರ್ವಪಕ್ಷ, ಉತ್ತರಪಕ್ಷ ಎರಡನ್ನೂ ಅವರ ಮುಂದಿಟ್ಟೆ. ಅವರು ಪೂರ್ತಿ ಕೇಳಿ, “ನೀ ಹೇಳೂದು ಖರೇ ಅದವ್ವಾ,” ಎಂದರು. “ಆದ್ರ ಖರೇ ಹೇಳಿದ್ರ ನಾಳಿಂದ ಯಾರೂ ಬರಂಗಿಲ್ಲ.”

ನಾನು ಅವರು ಕೊಟ್ಟ ಚಹಾ ಕುಡಿದು ಶಹಾಪುರಕ್ಕೆ ಮರಳಿದೆ.

ಆ ವಾದಕ್ಕೆ ಉತ್ತರ ಕೊಟ್ಟದ್ದು ಒಂದು ಹಾವು. ಅದು ಕಚ್ಚಿದವನನ್ನು ಮಂದಿ ಶಹಾಪುರದ ದವಾಖಾನೆಯ ಎದುರಿನಿಂದಲೇ ದಾಟಿಸಿ, ಮಾಮಾನ ಅಂಗಳಕ್ಕೆ ಹೊತ್ತು ತಂದರು. ಅಂದು ಅವರು ಒಂದೂ ಫಿನ್ನಿಶ್ ಪದ ಆಡಲಿಲ್ಲ. ಅಚ್ಚ ಕನ್ನಡದಲ್ಲಿ ಕಿರುಚಿ, ಜೀಪು ತರಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದರು. ಮನುಷ್ಯ ಉಳಿದ. ಮರುದಿನ ನೆರೆದವರಿಗೆಲ್ಲ ಮಾಮಾ ಕೈಮುಗಿದು ಹೇಳಿದರು: “ಇದು ಮಂತ್ರಲ್ಲ, ಒಂದು ದೂರ ದ್ಯಾಶದ ಮಾತು. ಇದರಿಂದ ಯಾರ ವಿಷಾನೂ ಇಳಿಯಂಗಿಲ್ಲ. ಇನ್ನ ಸೀದಾ ದವಾಖಾನಿಗಿ ಹೋಗ್ರಿ.”

ಜನ ಹೇಳಿದಂತೆ ಕೇಳಿದರು. ಸೀದಾ ದವಾಖಾನೆಗೆ ಹೋದರು. ಸುಧಾರಣೆ ಗೆದ್ದಿತು! ಗೆಲುವನ್ನು ನೋಡಲು ನಾನು ಹೋದಾಗ, ತೊಳೆದ ಕಪ್ಪುಗಳು ಬೋರಲು ಬಿದ್ದಿದ್ದವು. ಮಾಮಾ ಅಂಗಳದಲ್ಲಿ ಒಬ್ಬರೇ ಇದ್ದರು. ಖಾಲಿ ಕ್ವಾರ್ಟರ್ಸಿಗೂ ಅವರು ಈಗ ಏನೂ ಹೇಳುತ್ತಿರಲಿಲ್ಲ.

ನಾನಿನ್ನೂ ಅಲ್ಲೇ ಇದ್ದಾಗ ಕೊಂಕಲ್ಲಿನ ಆ ಹೆಣ್ಣುಮಗಳು, ಮೊದಲು ಚೇಳು ಕಡಿದವನ ಹೆಂಡತಿ, ಒಳಗೆ ಬಂದಳು. ಮಾಮಾ ಗಾಬರಿಯಿಂದ ಎದ್ದರು.

“ಯಾರಿಗಿ ಕಡದದ?”

“ಯಾರಿಗೂ ಇಲ್ರಿ. ಸಂತಿಗಿ ಬಂದಿದ್ದೆ. ನೀವು ಅನ್ನೂದು ಅನ್ರಿ, ಕೇಳ್ತೀನಿ.”

“ಮಂತ್ರ ಅಲ್ಲಂತ ಹೇಳೀನಲ್ಲವ್ವಾ!”

“ಹೌದ್ರಿ. ಮಂತ್ರ ಆಗಿದ್ರ ಚೇಳು ಕಡದಾಗಷ್ಟೇ ಬರಬೇಕಿತ್ತು. ಅಲ್ಲಂದ ಮ್ಯಾಲ ಯಾವಾಗ ಬೇಕಾದ್ರೂ ಬರಬಹುದಲ್ರಿ?”

ಮಾಮಾ ನಿಘಂಟು ತಂದು ತೆರೆದರು. ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಮತ್ತೆ ಮುಚ್ಚಿದರು.

“ಯಾಕ್ರಿ, ಏನಾತು?”

“ಯಾರೂ ಹಿಂಗ ಕೇಳಿರಲಿಲ್ಲವ್ವಾ. ಎಲ್ಲಿಂದ ಸುರು ಮಾಡ್ಬೇಕೋ ತಿಳೀವಲ್ದು.”

“ಮದಲಿನಿಂದ ಮಾಡ್ರಿ. ನಮ್ಮ ಗಾಡಿ ಬರೂದು ಇನ್ನಾ ತಡ ಅದ,” ಎಂದು ಆಕೆ ಸಂತೆಯ ಗಂಟನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

ಓದುಗರೇ, ನಿಮ್ಮ ಓಣಿಯಲ್ಲೂ ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವ ಒಬ್ಬರು ಇರಬಹುದು. ಅದರಿಂದ ಏನು ಉಪಯೋಗವೆಂದು ಕೇಳಬೇಡಿ. ಇಂದು ಸಂಜೆ ಅವರ ಮನೆಗೆ ಹೋಗಿ, ಸ್ವಲ್ಪ ಹೊತ್ತು ಕುಳಿತು ಬನ್ನಿ.