ಎರಡನೇ ಕ್ಲಾಸಿನ ಮೆಮೊರಿ ಕಾರ್ಡು

ಮನುಷ್ಯ ನಿವೃತ್ತನಾದರೂ ಅವನೊಳಗಿನ ಆಫೀಸು ನಿವೃತ್ತವಾಗುವುದಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ನಾನು ಹೆಂಡತಿಯ ಹತ್ತಿರ ‘ಈ ಮೂಲಕ ತಿಳಿಸುವುದೇನೆಂದರೆ’ ಎಂಬ ಧಾಟಿಯಲ್ಲೇ ಮಾತು ತೆಗೆಯುತ್ತೇನೆ. ಪುಣೆಯ ಖಡಕಿಯ ಒಂದು ಸರಕಾರಿ ಕಾರ್ಖಾನೆಯಲ್ಲಿ ನಾನು ಸ್ಟೋರ್ಸಿನ ಗುಮಾಸ್ತನಾಗಿದ್ದೆ. ಅಲ್ಲಿ ಕ್ಲಾಸ್ ಒನ್ ಎಂದರೆ ದೊಡ್ಡ ಸಾಹೇಬರು, ಟೂ ಎಂದರೆ ಬರೀ ಸಾಹೇಬರು, ತ್ರೀ ಎಂದರೆ ನಾವು, ಫೋರ್ ಎಂದರೆ ಸಾಹೇಬರ ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂತ ಪ್ಯೂನು. ಆ ಸ್ಟೂಲಿನ ಮೇಲಿದ್ದವರು ನನ್ನ ಭೀಮಣ್ಣ ಕಾಕಾ. ಧಾರವಾಡದಿಂದ ನನ್ನನ್ನು ಕರೆತಂದು, ಒಂದೂವರೆ ಕೋಣೆಯ ಕ್ವಾರ್ಟರ್ಸಿನಲ್ಲಿಟ್ಟು ಓದಿಸಿ, ತಮಗಿಂತ ಒಂದು ಕ್ಲಾಸು ಮೇಲೆ ಕೂರಿಸಿದವರು. ಬೀದಿಯಲ್ಲೆಲ್ಲ ಮರಾಠಿ, ಹೊಸ್ತಿಲಿಗೆ ಬಂದೊಡನೆ ಕಾಕಾನ ಹೆಂಡತಿ ಕಾಕೂ, “ಚಪ್ಪಲಿ ಜೋಡಿ ಮರಾಠೀನೂ ಹೊರಗ ಬಿಡೋ” ಅನ್ನುತ್ತಿದ್ದಳು. ನನ್ನ ಕನ್ನಡವೆಲ್ಲ ಅವಳು ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಕಿವಿಗೆ ಬಿದ್ದದ್ದು.

ಕಾಕೂ ತೀರಿಕೊಂಡ ಮೇಲೆ ಕಾಕಾ ಧಾರವಾಡಕ್ಕೆ, ಮಗಳ ಮನೆಗೆ ಹೋದರು. ಮರುವರ್ಷ ಯಾರದೋ ಮದುವೆಗೆಂದು ಪುಣೆಗೆ ಬಂದವರು, “ಹಿಂದಕ ನಿನ್ನ ಮೊಬೈಲಿನ್ಯಾಗ ನಿಮ್ಮ ಕಾಕೂನ ದನಿ ಹಿಡದಿದ್ದೆಲ್ಲೋ, ಅದೊಮ್ಮೆ ಕೇಳಸು” ಎಂದರು. ಮೊಬೈಲು ಎಂದೋ ಕೆಟ್ಟಿತ್ತು. ದನಿಯೇನೋ ಪೆನ್‌ಡ್ರೈವಿನಲ್ಲಿತ್ತು, ಆದರೆ ಅದನ್ನು ತೆರೆಯಬೇಕಾದ ಕಂಪ್ಯೂಟರಿನ ಹಾರ್ಡ್‌ಡಿಸ್ಕೇ ಆ ವಾರ ಪ್ರಾಣ ಬಿಟ್ಟಿತ್ತು. ಭಾನುವಾರ ಮಧ್ಯಾಹ್ನ ಒಂದಕ್ಕೆ ಕಾತ್ರಜದಿಂದ ಕಾಕಾ ಊರಿಗೆ ಮರಳುವ ಬಸ್ಸು.

ಮೇಲಿನ ಮನೆಯಲ್ಲಿ ಬೆಂಗಳೂರಿನ ವೈಶಾಲಿ ಇದ್ದಳು, ಕಂಪ್ಯೂಟರ್ ಕಲಿಸುವವಳು. “ಹಾರ್ಡ್‌ಡಿಸ್ಕ್ ಇಲ್ದಿದ್ರೂ ಪರವಾಗಿಲ್ಲ ಅಂಕಲ್, ಆಪರೇಟಿಂಗ್ ಸಿಸ್ಟಮ್ಮನ್ನ ಮೆಮೊರಿ ಕಾರ್ಡಿಗೇ ಹಾಕಿ ಓಡಿಸಬಹುದು. ಒಳ್ಳೇ ಕ್ಲಾಸಿಂದು ತಗೊಂಡ್ಬನ್ನಿ” ಎಂದಳು.

ಶನಿವಾರ ಸಂಜೆ ಕಾರ್ಡು ತರಲು ಅಂಗಡಿಗೆ ಹೋದೆ. ಅಂಗಡಿಯವನು, “ಸಾಹೇಬ್, ಕುಠಲಾ ಕ್ಲಾಸ್ ದೇಊ? ಟೂ, ಫೋರ್, ಸಿಕ್ಸ್?” ಎಂದು ಯಾವ ಕ್ಲಾಸಿನದು ಬೇಕೆಂದು ಕೇಳಿದ. ಇಡೀ ನೌಕರಿಯಲ್ಲಿ ಯಾರೂ ನನ್ನನ್ನು ಸಾಹೇಬ್ ಎಂದು ಕರೆದಿರಲಿಲ್ಲ. ಎದೆ ಅರ್ಧ ಇಂಚು ಉಬ್ಬಿತು. ಸಿಕ್ಸ್! ಪ್ಯೂನನಿಗಿಂತ ಎರಡು ಮೆಟ್ಟಿಲು ಕೆಳಗಿನದು ನನ್ನ ಮನೆಗೇ? ಒನ್ ಇಲ್ಲವೇ ಎಂದೆ. ಇಲ್ಲವಂತೆ. ಅವನು ಇನ್ನೇನೋ ಹೇಳಹೊರಟಿದ್ದ, ಸಾಹೇಬರು ಕೇಳಿಸಿಕೊಳ್ಳುತ್ತಾರೆಯೇ? ಗತ್ತಿನಿಂದ ಟೂ ತಂದೆ.

ವೈಶಾಲಿ ಕಾರ್ಡು ನೋಡಿ ನಕ್ಕಳು. “ಅಯ್ಯೋ ಅಂಕಲ್, ಇದರಲ್ಲಿ ನಂಬರು ದೊಡ್ಡದಾದಷ್ಟೂ ಸ್ಪೀಡು! ಟೂ ಅಂದ್ರೆ ಎಲ್ಲಕ್ಕಿಂತ ನಿಧಾನ.” ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಅದರಲ್ಲೇ ಹಾಕಿಕೊಟ್ಟು, ತನ್ನ ಲ್ಯಾಪ್‌ಟಾಪು ಹಿಡಿದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಳು; ಕಾಕಾ ಇನ್ನೂ ಮದುವೆಮನೆಯಲ್ಲೇ ಇದ್ದರು.

ಭಾನುವಾರ ಹತ್ತೂವರೆಗೆ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು. ಅರ್ಜಿ ಒಳಗೆ ಹೋಗಿದೆ, ಸಾಹೇಬರು ವಿಚಾರ ಮಾಡುತ್ತಿದ್ದಾರೆ. ನನ್ನ ಹೆಂಡತಿ ಸುಮಿತ್ರಾ ಒಗ್ಗರಣೆಯ ನಡುವೆ ಇಣುಕಿ, “ಎರಡನೇ ಕ್ಲಾಸಿಂದು ತಂದಾರ್ರಿ ಕಾಕಾ! ನಾಕನೇದಾಗಿದ್ರ ಇಷ್ಟೊತ್ತಿಗೆ ಓಡತಿತ್ತಂತ” ಎಂದು ಮಾನ ಕಳೆದಳು. ಹನ್ನೊಂದೂವರೆ. ಚಕ್ರ ಎರಡು ಸಲ ನಿಂತಿತು; ಎರಡು ಸಲವೂ ಮೊದಲಿಂದ.

ಕಾಕಾ ಮಾತ್ರ ಅಡುಗೆಮನೆಯ ಸ್ಟೂಲು ತಂದು ಕಂಪ್ಯೂಟರಿನ ಮುಂದೆ ಹಾಕಿಕೊಂಡು ಕೂತರು. “ಗಡಿಬಿಡಿ ಯಾಕೋ? ಸಾಹೇಬರ ಬಾಗಲಾ ಕಾಯೂದು ನನಗೇನ ಹೊಸಾದೇನು?” ಸುಮಿತ್ರಾ ಕೊಟ್ಟ ಚಹಾ ಪಕ್ಕದಲ್ಲೇ ಕೆನೆಗಟ್ಟುತ್ತಿತ್ತು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಸಾಹೇಬರು ಬಾಗಿಲು ತೆರೆದರು. ಪೆನ್‌ಡ್ರೈವು ಸಿಕ್ಕಿಸಿ ಒತ್ತಿದೆ. ಬಳೆಯ ಸದ್ದು, ಹಿಂದೆಯೇ ಕಾಕೂ: “ಇದೇನೋ ನನ್ನ ಮಾರಿ ಮುಂದ ಹಿಡದೀ? ತಗೀ ಅತ್ತಾಗ! ಏನ್ರೀ, ಚಾ ಆರಾಕತ್ತದ, ಕುಡೀರಿ ಮೊದಲ.”

ಕಾಕಾನ ಕೈ ತಾನಾಗಿ ಕಪ್ಪಿಗೆ ಹೋಯಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕಪ್ಪು ಕೆಳಗಿಟ್ಟು, ಪರದೆಯ ಕಡೆ ನೋಡಿ “ಹ್ಞೂಂ, ಕುಡದೆ” ಎಂದರು.

ಆಟೋ ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: “ಖರೇ ಹೇಳು, ಅಂಗಡ್ಯಾಗ ನಾಕನೇ ಕ್ಲಾಸು ಇರಲಿಲ್ಲೇನು?”

ಮೂವತ್ತು ವರ್ಷ ಸ್ಟೋರ್ಸಿನ ಕಿಟಕಿಯಲ್ಲಿ ಕೂತ ಬಾಯಿ. ಉತ್ತರ ತಾನಾಗಿಯೇ ಬಂತು.

“ಸ್ಟಾಕ್ ಇರಲಿಲ್ರಿ, ಕಾಕಾ.”